ಹಿಮದ ಮೇಲೆ ಕೌದಿ ಪ್ಯಾಂಟು

ಜಮಖಂಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸಿದ್ದಾರ್ಥನಿಗೆ ನೀರಿನ ಮೇಲೇ ಒಂದು ತಕರಾರಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಅವನು ಹರಿಯುವ ನೀರು ಕಂಡಿದ್ದ, ನಿಂತ ನೀರು ಕಂಡಿದ್ದ, ಬೀಳಗಿ ಕಡೆ ಊರಿಗೆ ಊರನ್ನೇ ನುಂಗಿದ ಹಿನ್ನೀರನ್ನೂ ಕಂಡಿದ್ದ. ಆದರೆ ಗಟ್ಟಿ ನೀರನ್ನು ಮಾತ್ರ (ಮನೆಯ ಫ್ರಿಜ್ಜಿನಿಂದ ಚಮಚದಲ್ಲಿ ಕೆರೆದು ತೆಗೆಯುವುದನ್ನು ಬಿಟ್ಟರೆ) ಕಂಡಿರಲಿಲ್ಲ. ಆದ್ದರಿಂದ ಪ್ರವಾಸದ ರಜೆ ಮಂಜೂರಾದ ವಾರವೇ ಪೇಪರಿನ ಪುರವಣಿಯಲ್ಲಿ ಮನಾಲಿಯ ಸ್ಕೀ ಶಿಬಿರದ ಸುದ್ದಿ ಬಂದಾಗ, ಅದು ತನಗೆಂದೇ ಅಚ್ಚಾಗಿದೆ ಎಂದು ಅವನಿಗೆ ಖಾತ್ರಿಯಾಯಿತು.

"ಪ್ರತಿಮಾ, ಈ ಸರ್ತಿ ಊಟಿ-ಗೀಟಿ ಏನೂ ಬ್ಯಾಡ. ಸೀದಾ ಹಿಮಾಲಯ. ಕಾಲಿಗೆ ಹಲಗಿ ಕಟ್ಕೊಂಡು ಜಾರೂದು."

ಅವನ ಹೆಂಡತಿ ಪ್ರತಿಮಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಲವತ್ತು ಹುಡುಗರ ಗದ್ದಲದಲ್ಲೂ ದನಿ ಏರಿಸದವಳು, ಗಂಡನೊಬ್ಬನಿಗಾಗಿ ಏರಿಸಿಯಾಳೇ? ಪೇಪರು ತಿದ್ದುತ್ತಲೇ ಹೇಳಿದಳು: "ಜಾರಾಕ ಅಷ್ಟು ದೂರ ಯಾಕ್ರಿ? ಬಚ್ಚಲದಾಗಿನ ಪಾಚಿ ತಿಕ್ಕ್ರಿ ಅಂತ ದೀಪಾವಳಿಯಿಂದ ಹೇಳಾಕತ್ತೇನಿ."

ಆದರೂ ಪುರವಣಿಯ ಚಿತ್ರದಲ್ಲಿ ಬೆಳ್ಳಗಿನ ಗುಡ್ಡದಿಂದ ಹಾರಿ ಬರುತ್ತಿದ್ದ ಹೆಂಗಸನ್ನು ಅವಳು ಎರಡು ಸಲ ನೋಡಿದ್ದು ಅವನ ಕಣ್ಣಿಗೆ ತಪ್ಪಲಿಲ್ಲ. ಮರುದಿನ ಶಿಬಿರಕ್ಕೆ ಫೋನು ಹಚ್ಚಿ ವಿಚಾರಿಸಿದವಳೂ ಅವಳೇ. "ಹಲಗಿ, ಬೂಟು, ಮ್ಯಾಲಿನ ಅರಿವಿ ಎಲ್ಲಾ ಅಲ್ಲೇ ಬಾಡಿಗಿಗೆ ಸಿಗ್ತಾವಂತ. ನಾವು ತಳ್ಳನ ಉಣ್ಣಿ ಬನೀನು, ಕಾಲಚೀಲ, ಛಲೋ ಗಾಗಲ್ ಒಯ್ದ್ರ ಸಾಕಂತ. ಹತ್ತಿ ಅರಿವಿ ಬ್ಯಾಡಂದ್ರು, ತೊಯ್ದ್ರ ಆರಂಗಿಲ್ಲಂತ."

"ಬಾಡಿಗಿ ಅರಿವಿಯೊಳಗ ಯಾರ್ಯಾರ ಬೆವರು ಇರ್ತೈತೋ ಏನೋ," ಎಂದು ಸಿದ್ದಾರ್ಥ ಮೂಗು ಮುರಿದ. ಯುದ್ಧಕ್ಕೆ ಹೊರಟವನು ಆಯುಧವನ್ನು ಕಡ ತರುವುದುಂಟೆ?

ಆಯುಧಗಳ ವಿಷಯದಲ್ಲಿ ಸಲಹೆ ಕೊಡಲು ಎದುರು ಮನೆಯಲ್ಲಿಯೇ ಮಿಲಿಟರಿ ಯಮನಪ್ಪ ಇದ್ದ. ಗಡಿ ಕಾಯ್ದು ರಿಟೈರಾಗಿ ಬಂದವನು. ಈಗಲೂ ಹಾಲು ತರಲು ಹೋದರೆ ಕೈ ಬೀಸಿ ನಡೆಯುವವನು. ಸಿದ್ದಾರ್ಥ ಕೇಳಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತ.

"ಮೊದಲನೇದು ಕಣ್ಣು, ಸಾಹೇಬ್ರ. ಬಿಸಿಲಿನ ಝಳ ಭಾಳ ಕೆಟ್ಟದ್ದು. ಪ್ಯಾಟಿ ಗಾಗಲ್ ನಡೆಂಗಿಲ್ಲ."

"ಎರಡೂ ಕಾಲು ಒಂದ ಹಲಗಿಗೆ ಕಟ್ಟೂದೂ ಐತಂತ ಕಾಕಾ. ಸ್ನೋಬೋರ್ಡ್ ಅಂತಾರ."

ಯಮನಪ್ಪ ಕಣ್ಣು ಮುಚ್ಚಿ ಯೋಚಿಸಿದ. "ಅದು ಆಟ ಅಲ್ಲರಿ, ಶಿಕ್ಷಾ. ನೀವು ಕಾಲಿಗೊಂದು ಹಲಗಿ ತಗೋರಿ. ಮತ್ತ ಬೀಳೂದಂತೂ ಖರೆ, ಕೆಳಗ ಮೆತ್ತಂದು ಏನರ ಇರಲಿ."

ಸಿದ್ದಾರ್ಥ ಅಂದೇ ಮಹಾಲಿಂಗಪುರಕ್ಕೆ ಹೋಗಿ, ಟ್ರೈಲರ್ ಕಟ್ಟುವ ವರ್ಕ್‌ಶಾಪಿನಿಂದ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ತಂದ. ತಲೆಗೆ ಸ್ಕೂಟರಿನ ಹೆಲ್ಮೆಟ್ಟು. ಇನ್ನು ಪೃಷ್ಠರಕ್ಷಣೆಯ ಮಹತ್ಕಾರ್ಯ ಉಳಿದಿತ್ತು. ಅದಕ್ಕೆ ಗಲಗಲಿಯಿಂದ ಅತ್ತೆ ಸಾವಕ್ಕ ಬಂದಳು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ.

"ಕೌದಿ ಪ್ಯಾಂಟು ನಾ ಎಂದೂ ಹೊಲದಿಲ್ಲರಿ ಅಳಿಯಾರ," ಎಂದಳು ಸಾವಕ್ಕ, ಸೂಜಿಗೆ ದಾರ ಪೋಣಿಸುತ್ತ. "ಆದ್ರ ಮನಶಾ ಎಲ್ಲಿ ಬೀಳತಾನ ಅನ್ನೂದು ಗೊತ್ತಿದ್ರ ಹೊಲಿಯೂದು ಏನ ತ್ರಾಸಲ್ಲ."

ಏಳು ಪದರಿನ ಪ್ಯಾಂಟು ಸಿದ್ಧವಾಯಿತು. ಹಿಂಭಾಗದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಝಗಝಗಿಸುತ್ತಿತ್ತು. ಸಿದ್ದಾರ್ಥ ಅದನ್ನು ತೊಟ್ಟು ಅಂಗಳದ ಕಟ್ಟೆಯಿಂದ ಹಿಂದುಮುಂದಾಗಿ ತನ್ನನ್ನು ತಾನೇ ಕೆಡವಿಕೊಂಡ. ಏನೂ ನೋಯಲಿಲ್ಲ. ಅವನ ಉತ್ಸಾಹ ಎಷ್ಟಿತ್ತೆಂದರೆ, ಓಣಿಯವರೆಲ್ಲ ನೆರೆದ ಮೇಲೆ ಅವರಿಗಾಗಿ ಮತ್ತೆ ಮತ್ತೆ ಬಿದ್ದು ತೋರಿಸಿದ.

"ಬೀಳೂದು ಛಲೋ ಬರ್ತೈತ್ರಿ ನಿಮಗ," ಎಂದಳು ಪ್ರತಿಮಾ. "ಏಳೂದು ಹೆಂಗ?"

ಅದಕ್ಕೆ ಯಮನಪ್ಪ ಕೈಕೊಟ್ಟು ಎಬ್ಬಿಸಬೇಕಾಯಿತು. ಸಿದ್ದಾರ್ಥ ಅದನ್ನು ದೊಡ್ಡದು ಮಾಡಲಿಲ್ಲ.

ರೈಲು, ಬಸ್ಸು ಎಲ್ಲ ಮುಗಿಸಿ ಶಿಬಿರ ಸೇರಿದಾಗ ಇಡೀ ಗುಡ್ಡ ಹಿಟ್ಟು ಚೆಲ್ಲಿದಂತೆ ಬೆಳ್ಳಗಿತ್ತು. ಸಿದ್ದಾರ್ಥ ಕೈಚೀಲವನ್ನು ಅಲ್ಲೇ ಇಳಿಸಿದ. ಹಿಡಿಯಷ್ಟು ಹಿಮ ಎತ್ತಿ ಹಿಸುಕಿ, ಬೆರಳ ಸಂದಿಯಿಂದ ನೀರು ಇಳಿಯುವುದನ್ನು ಕಂಡು, "ಹೌದು ಬಿಡು, ನಮ್ಮ ನೀರ," ಎಂದ. ಪ್ರತಿಮಾ ಬಾಡಿಗೆಯ ನೀಲಿ ಉಡುಪಿನಲ್ಲಿ ಹದಿನೆಂಟರ ಹುಡುಗಿಯಂತೆ ನಗುತ್ತ ನಿಂತಿದ್ದಳು. ಶಿಬಿರದ ಗುರು, ಗಾಳಿಗೆ ಕೆನ್ನೆ ಕೆಂಪಾದ ತರುಣ, ಸಿದ್ದಾರ್ಥನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಇದೇನೆಂದು ಹಿಂದಿಯಲ್ಲಿ ಕೇಳಿದ.

"ಕೌದಿ," ಎಂದ ಸಿದ್ದಾರ್ಥ, ಎದೆಯುಬ್ಬಿಸಿ.

ಹಲಗೆ ಕಟ್ಟಿಕೊಂಡು, ಕಪ್ಪು ಕನ್ನಡಕ ಏರಿಸಿದೊಡನೆ ಹಿಮಾಲಯ ಮಾಯವಾಯಿತು. ಆ ಗಾಜಿನಲ್ಲಿ ಸೂರ್ಯನೊಬ್ಬನೇ ಕಾಣುತ್ತಿದ್ದ. ಸೂರ್ಯನನ್ನೇ ನಂಬಿ ಅವನು ಒಂದು ಮಾರು ಜಾರಿದ, ಮತ್ತು ಕೂತ. ನೋವಿಲ್ಲ. ಇಳಿಜಾರಿನ ಬುಡದವರೆಗೆ ಹಾಗೆ ಕೂತುಕೂತೇ ವಿಜಯೋತ್ಸಾಹದಿಂದ ಬಂದ. ಅಲ್ಲಿ ಏಳಲು ಹೋದರೆ ಪ್ಯಾಂಟು ಏಳಲಿಲ್ಲ. ಏಳು ಪದರುಗಳೂ ಒಂದಾದ ಮೇಲೊಂದು ಹಿಮದ ನೀರು ಕುಡಿದು, ನೆನೆದ ಹತ್ತಿಯ ಮೂಟೆಯಂತೆ ಅವನನ್ನು ನೆಲಕ್ಕೆ ಒತ್ತಿ ಹಿಡಿದಿದ್ದವು. ಚಳಿ ಮೆಲ್ಲಗೆ ಒಳಪದರಿಗೆ ಬಂದು ಪರಿಚಯ ಹೇಳಿಕೊಂಡಿತು.

ಕನ್ನಡಕ ಕಿತ್ತು, ಜೇಬಿನಿಂದ ಮೊಬೈಲು ತೆಗೆದು ಯಮನಪ್ಪನಿಗೆ ಹಚ್ಚಿದ.

"ಕಾಕಾ, ಕೌದಿ ಪೂರಾ ತೊಯ್ದೈತಿ. ನೀವು ಬರ್ಫದಾಗ ತೊಯ್ದಾಗ ಏನ ಮಾಡ್ತಿದ್ರಿ?"

"ಬರ್ಫ?" ಎಂದ ಯಮನಪ್ಪ. "ನಾ ಎಲ್ಲಿ ಬರ್ಫ ನೋಡೇನ್ರಿ ಸಾಹೇಬ್ರ. ನನ್ನ ಸರ್ವೀಸ್ ಎಲ್ಲಾ ಜೈಸಲ್ಮೇರದಾಗ. ಬರೇ ಉಸುಕು."

"ಮತ್ತ ಅಷ್ಟೆಲ್ಲಾ ಹೇಳಿದ್ರೆಲ್ಲ?"

"ಕೇಳಿದ್ರಿ, ಹೇಳಿದ್ನಿ. ಮಿಲಿಟರಿಯವ ಗೊತ್ತಿಲ್ಲ ಅನ್ನಬಾರದ್ರಿ."

ಉತ್ತರ ಕೊಡುವಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು. "ಸರೀರಿ, ಸರೀರಿ, ನನಗ ನಿಲ್ಲಾಕ ಬರವಲ್ದು." ಪ್ರತಿಮಾ ಬಾಣದಂತೆ ಬರುತ್ತಿದ್ದಳು. ಸರಿಯುವ ಮಾತು ಅವನ ಕೈಯಲ್ಲಿರಲಿಲ್ಲ. ಬಂದವಳು ಕೌದಿಗೆ ಮೆತ್ತಗೆ ಬಡಿದು ನಿಂತಳು. ಕೂದಲೂ ಕೊಂಕಲಿಲ್ಲ. ಅವಳ ಹಿಂದೆ ನಾಗಪುರದ ಒಬ್ಬ ವಕೀಲ, ಅವನ ಹಿಂದೆ ಅವನ ಹೆಂಡತಿ, ಎಲ್ಲರೂ ಸರದಿಯಂತೆ ಬಂದು ಅಲ್ಲಿಯೇ ನಿಂತರು. ಶಿಬಿರದ ಗುರು ಗದ್ದ ಕೆರೆದುಕೊಂಡು ನೋಡುತ್ತಿದ್ದ.

ಮರುದಿನದಿಂದ ಸಿದ್ದಾರ್ಥನಿಗೆ ಒಳಗೆ ಬಾಡಿಗೆ ಉಡುಪು ತೊಡಿಸಿ, ಮೇಲೆ ಒಲೆಗೆ ಹಿಡಿದು ಒಣಗಿಸಿದ ಕೌದಿ ಪ್ಯಾಂಟು ಏರಿಸಿ, ಇಳಿಜಾರಿನ ಬುಡದಲ್ಲಿ ಕೂರಿಸಿದರು. ಅವನಿಗೆ ಬೇಸರವೇನೂ ಆಗಲಿಲ್ಲ. ಬಂದು ಬಡಿದವರೆಲ್ಲ ಎರಡೂ ಕೈ ಹಿಡಿದು ಧನ್ಯವಾದ ಹೇಳುತ್ತಿದ್ದರು. ಕಚೇರಿಯಲ್ಲಿ ಇಷ್ಟು ಜನ ಅವನಿಗೆ ಎಂದೂ ಧನ್ಯವಾದ ಹೇಳಿರಲಿಲ್ಲ. ಕೊನೆಯ ದಿನ ಪ್ರತಿಮಾ ಎತ್ತರದಿಂದ ಹೊರಟಾಗ ಅವನು ಎಂದಿನಂತೆ ಕೈಚಾಚಿ ಕೂತ. ಅವಳು ಹತ್ತಿರ ಬಂದು, ಸೊಂಟ ತಿರುಗಿಸಿ, ಅವನ ಮುಖಕ್ಕೊಂದಿಷ್ಟು ಹಿಮ ಎರಚಿ, ತಾನೇ ನಿಂತಳು. ಅವನು ಚಪ್ಪಾಳೆ ತಟ್ಟಿದ. ಕೈ ಮಾತ್ರ ಸ್ವಲ್ಪ ಖಾಲಿ ಖಾಲಿ ಅನಿಸಿತು.

ಹೊರಡುವ ಹೊತ್ತಿಗೆ ಶಿಬಿರದ ಗುರು ಸಂಕೋಚದಿಂದ ಬಂದು, ಮುಂದಿನ ಸೀಜನ್ನಿಗೂ ಬೇಕಾಗಿತ್ತು ಎಂದ. ಸಿದ್ದಾರ್ಥನ ಹೃದಯ ತುಂಬಿಹೋಯಿತು. "ರಜಾ ಸಿಗೂದು ಕಷ್ಟ, ಆದ್ರೂ ನೋಡ್ತೇನಿ," ಎಂದು ತನಗೆ ಬರುವ ಹಿಂದಿಯಲ್ಲಿ ಹೇಳಿದ.

ನೀವು ತೊಂದರೆ ತೆಗೆದುಕೊಳ್ಳಬೇಡಿ, ಪ್ಯಾಂಟು ಬಿಟ್ಟು ಹೋದರೆ ಸಾಕು ಎಂದ ಗುರು.

ಬಸ್ಸು ತಿರುವು ತೆಗೆದುಕೊಳ್ಳುವಾಗ ಸಿದ್ದಾರ್ಥ ಕಿಟಕಿಯಿಂದ ಇಣುಕಿದ. ಇಳಿಜಾರಿನ ಬುಡದಲ್ಲಿ ಹುಲ್ಲು ತುಂಬಿದ ಕೌದಿ ಪ್ಯಾಂಟು ಕೂತಿತ್ತು. ಹೊಸಬನೊಬ್ಬ ಮೇಲಿನಿಂದ ಬಂದು ಅದಕ್ಕೆ ಬಡಿದು ಸುಖವಾಗಿ ನಿಂತ. ಅದು ತನಗಿಂತ ನೆಟ್ಟಗೆ ಕೂತಿದೆ ಎಂದು ಅವನು ಒಪ್ಪಿಕೊಳ್ಳಲೇಬೇಕಾಯಿತು.

ಪ್ರತಿಮಾ ಅವನ ಮೊಣಕೈ ಮೇಲೆ ಕೈಯಿಟ್ಟಳು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಮುಂದಿನವಗ ಚಾರ್ಜ್ ಕೊಟ್ಟು ಬಂದೇನಿ ಅಂತ ತಿಳಕೋರಿ."