ಪಿಯಾನೊಗೆ ವಾಸಿಯಾದ ದಿನ

ನಮ್ಮ ಊಟದ ಮೇಜಿನ ಸುತ್ತ ಇರುವ ಕುರ್ಚಿಗಳಲ್ಲಿ ಅಲುಗಾಡುವುದು ನನ್ನದು. ಹುಟ್ಟಿನಿಂದ ಅದಕ್ಕೆ ಆ ಗುಣ ಇರಲಿಲ್ಲ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಅದು ಎಡಕ್ಕೆ ವಾಲಿತು; ಕಾಫಿಯೂ ಅದರ ಜೊತೆಗೆ ಹೋಯಿತು. ಬಗ್ಗಿ ನೋಡಿದರೆ ಕಾಲಿಗೆ ಇದ್ದ ದಪ್ಪ ಸ್ಕ್ರೂ ಮಾಯವಾಗಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ.

“ಬಲಗಡೆ ಸ್ವಲ್ಪ ಭಾರ ಬಿಟ್ಟು ಕೂತ್ಕೊಳ್ಳಿ, ಸರಿಹೋಗತ್ತೆ,” ಎಂದಳು.

ಅದೇ ವಾರ ಮಲಗುವ ಕೋಣೆಯ ಬಾಗಿಲ ಹಿಡಿ ಕೈಗೆ ಬಂತು. ಆಮೇಲೆ ಪರದೆಯ ಸರಳಿನ ಕೊಕ್ಕೆ, ಇಸ್ತ್ರಿ ಮೇಜಿನ ಕಾಲಿನ ರಬ್ಬರು, ಟಾರ್ಚಿನೊಳಗಿನ ಸ್ಪ್ರಿಂಗು, ನನ್ನ ಕೋಟಿನ ಎರಡನೇ ಗುಂಡಿ ಒಂದೊಂದಾಗಿ ಸಂಸಾರ ತೊರೆದು ಹೋದವು. (ಗುಂಡಿ ಹೋದದ್ದಕ್ಕೆ ನನ್ನ ಹೊಟ್ಟೆಯೇ ಕಾರಣ ಎಂದು ಮನೆಯಲ್ಲಿ ತೀರ್ಪಾಯಿತು. ನಾನು ಮೇಲ್ಮನವಿ ಸಲ್ಲಿಸಲಿಲ್ಲ.) ಮನೆಗೆ ವಯಸ್ಸಾಗುತ್ತಿದೆ ಎಂದುಕೊಂಡು ಸುಮ್ಮನಾದೆ.

ನನ್ನ ಹೆಂಡತಿ ಸಂಗೀತ ರಚಿಸುತ್ತಾಳೆ. ಯಾವ ಸಂಗೀತ ಎಂದು ಕೇಳಿದವರಿಗೆ ನಾನು ‘ಪಿಯಾನೊ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಪೂರ್ತಿ ಹೇಳುವುದಾದರೆ, ಅದು ಪಿಯಾನೊ ಮತ್ತು ಕಂಪ್ಯೂಟರು ಸೇರಿ ನುಡಿಸುವ ಈ ಕಾಲದ ಸಂಗೀತ. ನಮ್ಮ ಮುಂದಿನ ಕೋಣೆಯ ಮುಕ್ಕಾಲು ಪಾಲನ್ನು ಒಂದು ದೊಡ್ಡ ಪಿಯಾನೊ ಆಕ್ರಮಿಸಿದೆ. ಅದರ ಬಾಯಿಗೊಂದು ಮೈಕು, ಮೈಕಿನ ತಂತಿ ಕಂಪ್ಯೂಟರಿಗೆ. ಅವಳು ಒಂದು ಕೀ ಒತ್ತಿದರೆ ಕಂಪ್ಯೂಟರು ಅದನ್ನು ಕೇಳಿಸಿಕೊಂಡು, ಹಿಗ್ಗಿಸಿ, ಕುಗ್ಗಿಸಿ, ಹಿಂದುಮುಂದು ಮಾಡಿ, ಮೂಲೆಯ ಎರಡು ಸ್ಪೀಕರುಗಳಿಂದ ವಾಪಸು ಕಳಿಸುತ್ತದೆ. ಪಿಯಾನೊ ಒಂದು ಮಾತಾಡಿದರೆ ಅದು ನಾಲ್ಕು ಮಾತಾಡುತ್ತದೆ. ಇಂಥ ಸಂಭಾಷಣೆ ಗೃಹಸ್ಥನಾದ ನನಗೆ ಹೊಸದಲ್ಲ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಜನ ಫೋನ್ ಮಾಡಿ ತಮ್ಮ ನಲ್ಲಿಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ‘ಕುರ್ರ್’ ಎಂದರೆ ಕೊಳವೆಗೆ ಗಾಳಿ ಸೇರಿದೆ, ‘ಟಕಟಕ’ ಎಂದರೆ ವಾಷರು ಸವೆದಿದೆ. ನಾನೂ ಅದೇ ಸದ್ದನ್ನು ತಿರುಗಿ ಮಾಡಿ, ‘ಹೀಗಾ?’ ಎಂದು ಖಚಿತಪಡಿಸಿಕೊಂಡು ಆಳುಗಳನ್ನು ಕಳಿಸುತ್ತೇನೆ. ರಜೆಯ ದಿನ ಮನೆಗೂ ಇಂಥ ಫೋನುಗಳು ಬರುತ್ತವೆ. ಸಂಜೆ ಸುಸ್ತಾಗಿ ಮನೆಗೆ ಬಂದರೆ ಬಾಗಿಲಲ್ಲೇ ಅದೇ ಸದ್ದು. ಅಲ್ಲೂ ಕಚೇರಿ, ಇಲ್ಲೂ ಕಚೇರಿ.

ಮನೆಯಲ್ಲಿ ನೆಮ್ಮದಿಯಿಂದ ಇರುವವರು ಅತ್ತೆಯವರೊಬ್ಬರೇ. ಅವರಿಗೆ ಕಿವಿ ಮಂದ. ಕಿವಿಯ ಹಿಂದೆ ಒಂದು ಪುಟ್ಟ ಯಂತ್ರವಿದೆ. ಮಗಳು ಪಿಯಾನೊ ಮುಂದೆ ಕೂತ ಕೂಡಲೇ ಅವರು ಆ ಯಂತ್ರವನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಡಬ್ಬಿಗೆ ಹಾಕಿ ‘ಟಪ್’ ಎಂದು ಮುಚ್ಚುತ್ತಾರೆ. ಆ ‘ಟಪ್’ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ.

“ಬ್ಯಾಟರಿ ಉಳಿಸ್ತಿದ್ದೀನಿ ಅಳಿಯಂದ್ರೇ,” ಎಂದರು. “ಮುಖ್ಯವಾದದ್ದು ಏನಾದ್ರೂ ಬಂದಾಗ ಬೇಕಾಗತ್ತೆ.”

ಈ ಎರಡು ತಿಂಗಳಲ್ಲಿ ಪಿಯಾನೊದ ಆರೋಗ್ಯವೂ ಕೆಟ್ಟಿತ್ತು. ಒಂದು ಕೀ ಒತ್ತಿದರೆ ತುಕ್ಕು ಹಿಡಿದ ಗೇಟು ತೆರೆದಂತೆ, ಇನ್ನೊಂದು ಒತ್ತಿದರೆ ತಗಡಿನ ಮೇಲೆ ಚಮಚ ಬಿದ್ದಂತೆ, ಮತ್ತೊಂದು ನೆಗಡಿಯಾದವರು ನಿದ್ದೆಯಲ್ಲಿ ಉಸಿರೆಳೆದಂತೆ. ಎಡತುದಿಯ ಕೊನೆಯ ಕೀ ಅಂತೂ ಮುದಿ ಫ್ರಿಜ್ಜು ನಿಲ್ಲುವ ಮುಂಚೆ ಮೈಯೊದರುವ ಹಾಗೆ ‘ಗುರ್ರ್... ಊಂ... ಟಣ್’ ಎನ್ನುತ್ತಿತ್ತು. ಹೆಂಡತಿ ಅದನ್ನೇ ಮತ್ತೆ ಮತ್ತೆ ಒತ್ತುವಳು, ನಿಟ್ಟುಸಿರು ಬಿಡುವಳು, ಕೊನೆಗೆ ಮುಚ್ಚಳ ಹಾಕಿ ಮೇಲೊಂದು ಕಂಬಳಿ ಹೊದಿಸಿ ಏಳುವಳು. ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ ಕಾಣುತ್ತಿತ್ತು.

ಏನಾಗಿದೆ ಎಂದು ಕೇಳಬಹುದಿತ್ತು. ಆದರೆ ಅವಳ ಸಂಗೀತದ ಬಗ್ಗೆ ಪ್ರಶ್ನೆ ಕೇಳದಿರುವುದೇ ಈ ದಾಂಪತ್ಯಕ್ಕೆ ನನ್ನ ಮಹತ್ತರ ಕೊಡುಗೆ. (ಮದುವೆಯಾದ ಹೊಸದರಲ್ಲಿ ಒಮ್ಮೆ, ಅವಳು ನುಡಿಸಿ ಮುಗಿಸಿದ ಮೇಲೆ, ‘ಶ್ರುತಿ ಸರಿಯಾಯ್ತಾ? ಇನ್ನು ಶುರು ಮಾಡು’ ಎಂದಿದ್ದೆ. ಆ ವಾರದ ಊಟ ಇನ್ನೂ ನೆನಪಿದೆ.)

ಸುಮ್ಮನೆ ಇರಲೂ ಆಗದಂಥ ಸಂದರ್ಭ ಒದಗಿತು. ದೊಡ್ಡ ಸಂಗೀತೋತ್ಸವವೊಂದರ ನಿರ್ದೇಶಕಿ ಭಾನುವಾರ ಸಂಜೆ ನಮ್ಮ ಮನೆಗೇ ಬಂದು ಹೆಂಡತಿಯ ಹೊಸ ಕೃತಿಯನ್ನು ಕೇಳುವವರಿದ್ದರು. ಪ್ರತಿ ವರ್ಷ ಅವಳು ಅರ್ಜಿ ಹಾಕಿ, ಪ್ರತಿ ವರ್ಷವೂ ವಿನಯದ ಭಾಷೆಯಲ್ಲಿ ‘ಬೇಡ’ ಎಂದು ಉತ್ತರ ಬರುತ್ತಿದ್ದ ಉತ್ಸವ ಅದು.

“ಈ ಸಲವೂ ಆಗ್ಲಿಲ್ಲ ಅಂದ್ರೆ ಬರೆಯೋದು ಬಿಟ್ಟು ಮಕ್ಕಳಿಗೆ ಪಾಠ ಹೇಳ್ಕೊಂಡು ಇದ್ದುಬಿಡ್ತೀನಿ,” ಎಂದು ಪಾತ್ರೆ ಒರೆಸುತ್ತಾ ಹೇಳಿದಳು. ತಮಾಷೆಗೆ ಹೇಳಿದಂತಿರಲಿಲ್ಲ. ಅದೇ ಪಾತ್ರೆಯನ್ನು ಇನ್ನೊಮ್ಮೆ ಒರೆಸಿದಳು.

ಅಂಥ ಅತಿಥಿಯ ಮುಂದೆ ಇಂಥ ರೋಗಿಷ್ಠ ಪಿಯಾನೊ. ನನಗೆ ಒಂದು ದಿವ್ಯವಾದ ಆಲೋಚನೆ ಹೊಳೆಯಿತು. ಶನಿವಾರ ಬೆಳಿಗ್ಗೆ ಅವಳು ಗೆಳತಿಯೊಬ್ಬಳ ಬಳಿ ಒಳ್ಳೆಯ ಸ್ಪೀಕರು ಎರವಲು ತರಲು ಊರಿನ ಆ ತುದಿಗೆ ಹೊರಟಳು. ಅವಳು ರಸ್ತೆಯ ತಿರುವು ದಾಟಿದ್ದೇ ತಡ, ನಾನು ಗೊತ್ತುಮಾಡಿದ್ದ ಪಿಯಾನೊ ರಿಪೇರಿಯವರು ಚರ್ಮದ ಚೀಲ ಹಿಡಿದು ಬಂದರು. ಮೊದಲು ಕೈ ತೊಳೆದು ಟವೆಲು ಕೇಳಿದರು. ಆಮೇಲೆ ಕಂಬಳಿ ಸರಿಸಿ, ಮುಚ್ಚಳ ಎತ್ತಿ, ಫೋನಿನ ಬೆಳಕು ಬಿಟ್ಟು ಒಳಗೆ ನೋಡಿದರು.

“ಮನೇಲಿ ಮಕ್ಕಳೆಷ್ಟು ಸ್ವಾಮಿ?”

“ಮಕ್ಕಳಿಲ್ಲ. ನಾನು, ನನ್ನ ಹೆಂಡತಿ, ಅತ್ತೆ.”

ಅವರು ಅತ್ತೆಯವರ ಕಡೆ ಒಮ್ಮೆ ದೀರ್ಘವಾಗಿ ನೋಡಿದರು.

“ಒಳಗೆ ಕಬ್ಬಿಣದ ಅಂಗಡೀನೇ ಇದೆ. ನನ್ನ ಜೀವಮಾನದಲ್ಲಿ ಪಿಯಾನೊದೊಳಗೆ ಇಲಿ ಗೂಡು ನೋಡಿದ್ದೀನಿ, ಹಲ್ಲುಸೆಟ್ಟು ನೋಡಿದ್ದೀನಿ. ಇದನ್ನ ನೋಡಿರಲಿಲ್ಲ.”

ಚಿಮಟದಿಂದ ಒಂದೊಂದನ್ನೇ ಎತ್ತಿ ತಟ್ಟೆಗೆ ಹಾಕತೊಡಗಿದರು. ನನ್ನ ಕುರ್ಚಿಯ ಸ್ಕ್ರೂ. ಬಾಗಿಲ ಹಿಡಿಯ ಸ್ಕ್ರೂ. ಪರದೆಯ ಕೊಕ್ಕೆ. ನನ್ನ ಗುಂಡಿ. ಅತ್ತೆಯವರು ಗುಡಿಸುವಾಗ ಸಿಕ್ಕಿದ್ದನ್ನೆಲ್ಲ ಪಿಯಾನೊ ಮೇಲೆ ಇಡುತ್ತಾರೆ. ಉರುಳಿ ಒಳಗೆ ಬಿದ್ದಿರಬೇಕು ಎಂದು ತರ್ಕಿಸಿದೆ. ತಟ್ಟೆಯನ್ನು ಅವರ ಮುಂದೆ ಹಿಡಿದೆ. ಯಂತ್ರ ಡಬ್ಬಿಯಲ್ಲಿತ್ತು. ಅವರು ಪ್ರಸನ್ನವಾಗಿ ತಲೆಯಾಡಿಸಿದರು. ನಾನು ಅದನ್ನು ತಪ್ಪೊಪ್ಪಿಗೆ ಎಂದು ಪರಿಗಣಿಸಿ, ಉದಾರವಾಗಿ ಕ್ಷಮಿಸಿಬಿಟ್ಟೆ.

ಎಡತುದಿಯ ದಪ್ಪ ತಂತಿಯಿಂದ ಟಾರ್ಚಿನ ಸ್ಪ್ರಿಂಗು ಹೊರಬಂತು. “ಇದನ್ನ ನಾನಿಟ್ಕೊಳ್ಲಾ? ನನ್ನ ಟಾರ್ಚೂ ಹಾಳಾಗಿದೆ,” ಎಂದರು. “ಧಾರಾಳವಾಗಿ,” ಎಂದೆ. ಮಧ್ಯಾಹ್ನದವರೆಗೆ ತಂತಿಗಳನ್ನೆಲ್ಲ ಬಿಗಿದು ಶ್ರುತಿ ಮಾಡಿ, ರೈಲಿಗೆ ಹೊತ್ತಾಯಿತು, ಮಗಳ ಊರಿಗೆ ಹೋಗಬೇಕು ಎಂದು ಹೊರಟರು. ಪಿಯಾನೊ ಗಾಜಿನ ಲೋಟಕ್ಕೆ ನೀರು ಸುರಿದಂತೆ ನುಡಿಯುತ್ತಿತ್ತು.

ನನ್ನ ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಸ್ಕ್ರೂಡ್ರೈವರು ತೆಗೆದುಕೊಂಡು ಕುರ್ಚಿ ಗಟ್ಟಿ ಮಾಡಿದೆ, ಬಾಗಿಲಿಗೆ ಹಿಡಿ ಕೂರಿಸಿದೆ, ಪರದೆ ನೇರ ಮಾಡಿದೆ, ಗುಂಡಿಯನ್ನೂ ಹೊಲಿದುಕೊಂಡು ಕೋಟು ತೊಟ್ಟು ಕುರ್ಚಿಯ ಮೇಲೆ ಕೂತೆ. ಅಲುಗಾಡಲಿಲ್ಲ.

ಹೆಂಡತಿ ಸ್ಪೀಕರು ಅವುಚಿಕೊಂಡು ಒಳಗೆ ಬಂದಳು. ನೇರ ಮಲಗುವ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತಳು.

“ರೀ. ಈ ಹಿಡಿ ಯಾರು ಹಾಕಿದ್ದು?”

ನಾನು ಮುಗುಳ್ನಕ್ಕೆ. ಅವಳು ಪರದೆ ನೋಡಿದಳು. ಕುರ್ಚಿ ನೋಡಿದಳು. ನನ್ನ ಗುಂಡಿ ನೋಡಿದಳು. ಸ್ಪೀಕರನ್ನು ನೆಲಕ್ಕಿಟ್ಟು ಪಿಯಾನೊ ಹತ್ತಿರ ಹೋಗಿ ಎಡತುದಿಯ ಕೀ ಒತ್ತಿದಳು. ಅದು ಗಂಭೀರವಾಗಿ, ನಿರ್ಮಲವಾಗಿ ‘ಢಂ’ ಎಂದಿತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ವಾಸಿ ಮಾಡ್ಸಿಬಿಟ್ರಾ?”

“ಹೂಂ. ನಿನಗೆ ಸಂತೋಷ ಆಗ್ಲಿ ಅಂತ, ಹೇಳ್ದೇನೆ.”

“ಎರಡು ತಿಂಗಳು ರೀ. ಒಂದೊಂದನ್ನೂ ಕೂದಲೆಳೆಯಷ್ಟು ಆಚೆ ಈಚೆ ಸರಿಸಿ ಸರಿಸಿ ಆ ಸದ್ದು ಬರಿಸಿದ್ದೆ. ನೀವು ನೋಡಿದ್ರೆ ಎಲ್ಲಿ ನಗ್ತೀರೋ ಅಂತ ಕಂಬಳಿ ಬೇರೆ ಮುಚ್ಚಿದ್ದೆ.”

“ಆ ಸದ್ದು... ಬೇಕು ಅಂತಾನೇ ಬರಿಸಿದ್ದಾ?”

ಅವಳು ಹೌದೆಂದು ತಲೆಯಾಡಿಸಿದಳು. ನಾನು ಪ್ರತಿವಾದಕ್ಕಿಳಿದೆ. “ಸ್ಕ್ರೂ ಬೇಕಿದ್ರೆ ಅಂಗಡೀಲಿ ಸಿಗತ್ತಲ್ಲ. ನನ್ನ ಕುರ್ಚೀದೇ ಆಗ್ಬೇಕಿತ್ತಾ?”

“ಅಂಗಡಿ ಸ್ಕ್ರೂಗೆ ಆ ದನಿ ಬರಲ್ಲ. ಇಷ್ಟು ವರ್ಷ ನಿಮ್ಮ ಭಾರ ಹೊತ್ತು ಬಗ್ಗಿದ ಸ್ಕ್ರೂ ಅದು.”

“ಯಾವುದು ಎಲ್ಲಿತ್ತು ಅಂತ ಗುರುತು ಇದ್ಯಾ?”

“ಇವತ್ತು ಬಂದು ಫೋಟೊ ತೆಗೀಬೇಕು ಅಂತಿದ್ದೆ.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ. “ಅವರಿಗೆ ಬರಬೇಡಿ ಅಂತ ಹೇಳಿಬಿಡ್ತೀನಿ,” ಎಂದು ಫೋನ್ ಎತ್ತಿದಳು. ನಾನು ಅದನ್ನು ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟೆ. ಕೋಟಿನ ಗುಂಡಿಯನ್ನು ಕಿತ್ತು ಅವಳ ಕೈಗೆ ಕೊಟ್ಟೆ. ಆಮೇಲೆ ಸ್ಕ್ರೂಡ್ರೈವರು ಹಿಡಿದು ಕುರ್ಚಿಯ ಕೆಳಗೆ ನುಸುಳಿದೆ. ಮಧ್ಯಾಹ್ನ ಕಟ್ಟಿದ ಮನೆಯನ್ನು ಸಂಜೆಯೊಳಗೆ ಬಿಚ್ಚಿಹಾಕಿದೆ.

ಅವಳು ಮೈಕು ಹಾಕಿಕೊಂಡು ಒಂದೊಂದನ್ನೇ ತಂತಿಗಳ ನಡುವೆ ಸಿಕ್ಕಿಸತೊಡಗಿದಳು. ಕಂಪ್ಯೂಟರು ಪರಿಚಯದ ಸದ್ದು ಕೇಳಿದರೆ ಹಸಿರು ದೀಪ ತೋರಿಸುತ್ತದೆ, ಇಲ್ಲದಿದ್ದರೆ ಇಲ್ಲ. ಕೆಲವು ಹಸಿರಾದವು. ಹಲವು ಆಗಲಿಲ್ಲ. ಸ್ವಲ್ಪ ಹೊತ್ತಿಗೆ, “ನನ್ನ ಕಿವಿ ತುಂಬಿಹೋಯ್ತು, ಎಲ್ಲ ಒಂದೇ ಥರ ಕೇಳಿಸ್ತಿದೆ,” ಎಂದಳು. ಅಡುಗೆಮನೆಯಲ್ಲಿ ಪ್ರಾಯಶ್ಚಿತ್ತವಾಗಿ ತರಕಾರಿ ಹೆಚ್ಚುತ್ತಿದ್ದ ನನಗೆ ಅವಳು ಒತ್ತಿದ ಕೀ ಕೇಳಿಸಿತು.

“ಅದಲ್ಲ,” ಎಂದುಬಿಟ್ಟೆ.

“ಏನು ಅದಲ್ಲ?”

“ಅದು ಗೇಟು. ‘ಕಿರ್ರ್’ ಅಂದ್ಮೇಲೆ ಕೊನೇಲಿ ಸಣ್ಣದಾಗಿ ಒಂದು ‘ಟುಯ್’ ಇತ್ತು. ಈಗ ಟುಯ್ ಇಲ್ಲ.”

ಒಳಗೆ ಸ್ಕ್ರೂ ಸರಿಸಿದ ಸದ್ದು. ಆಮೇಲೆ ‘ಕಿರ್ರ್... ಟುಯ್.’ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು.

“ಹಸಿರಾಯ್ತು. ನೀವು ಇದನ್ನೆಲ್ಲ ಕೇಳಿಸ್ಕೊಳ್ತಿದ್ರಾ?”

“ಕೇಳಿಸ್ಕೊಳ್ದೆ ಇರೋಕೆ ನನ್ನ ಹತ್ರ ಡಬ್ಬಿ ಇಲ್ವಲ್ಲ.”

ಆ ದಿನ ಅವಳು ನಕ್ಕದ್ದು ಆಗ. ತರಕಾರಿ ಅಲ್ಲೇ ಬಿಟ್ಟು ನಾನು ಪಿಯಾನೊ ಪಕ್ಕ ನಿಂತೆ. ಎರಡು ತಿಂಗಳು ಹಲ್ಲು ಕಚ್ಚಿ ಸಹಿಸಿದ ಪ್ರತಿಯೊಂದು ಸದ್ದೂ ನನಗೆ ಬಾಯಿಪಾಠವಾಗಿತ್ತು. ನಾನು ಬಾಯಲ್ಲಿ ಮಾಡಿದೆ, ಅವಳು ಸ್ಕ್ರೂ ಸರಿಸಿದಳು. ಗೇಟು ಬಂತು, ಚಮಚ ಬಂತು, ನೆಗಡಿ ಬಂತು. ಎಡತುದಿಯ ಫ್ರಿಜ್ಜು ಮಾತ್ರ ಬರಲಿಲ್ಲ. ಅದರ ಸ್ಪ್ರಿಂಗು ರೈಲಿನಲ್ಲಿ ಹೋಗಿತ್ತು. ಪೆನ್ನಿನ ಸ್ಪ್ರಿಂಗು, ಬಟ್ಟೆ ಕ್ಲಿಪ್ಪಿನ ಸ್ಪ್ರಿಂಗು, ಏನು ಹಾಕಿದರೂ ಇಲ್ಲ. “ಅದಲ್ಲ. ಇನ್ನೂ ಸ್ವಲ್ಪ ಮುದಿ ಫ್ರಿಜ್ಜು,” ಎಂದು ಮೈಕಿನ ಮುಂದೆ ಬಗ್ಗಿ ‘ಗುರ್ರ್... ಊಂ... ಟಣ್’ ಎಂದು ಗಂಟಲು ಕೀರಿಹೋಗುವವರೆಗೆ ಮಾಡಿ ತೋರಿಸಿದೆ. ಇಡೀ ಕೃತಿ ಮುಗಿಯುವುದೇ ಆ ಕೀಯಿಂದ.

“ಬಿಡಿ,” ಎಂದಳು ಕೊನೆಗೆ. “ನಾನೇನಾದ್ರೂ ಮಾಡ್ಕೊಳ್ತೀನಿ.”

ಭಾನುವಾರ ಸಂಜೆ ನಿರ್ದೇಶಕಿ ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ ಬಂದರು. ಕೆಲವು ಗೆಳೆಯರೂ ಇದ್ದರು. ಯಾರು ಯಾವ ಕುರ್ಚಿ ಹಿಡಿಯಬೇಕೆಂದು ನಾನು ಮಾಡಿದ್ದ ಏರ್ಪಾಡು ಬಾಗಿಲಲ್ಲೇ ಕುಸಿಯಿತು. ನಿರ್ದೇಶಕಿ ನೇರವಾಗಿ ಬಂದು ನನ್ನ ಕುರ್ಚಿಯಲ್ಲೇ ಕೂತರು. ನಾನು ಹಿಂದೆ ನಿಂತು ಎರಡೂ ಕೈಯಲ್ಲಿ ಅದನ್ನು ಭದ್ರವಾಗಿ ಹಿಡಿದುಕೊಂಡೆ. ನೋಡಿದವರಿಗೆ ವಿನಯವಂತ ಗೃಹಸ್ಥನಂತೆ ಕಂಡಿರಬೇಕು. ಅತ್ತೆಯವರು ಮಗಳ ದೊಡ್ಡ ದಿನವೆಂದು ಹೊಸ ಬ್ಯಾಟರಿ ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದರು.

ಆ ಸಂಗೀತವನ್ನು ನಾನು ಮೊದಲಿಂದ ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಗೇಟು ಕಿರುಗುಟ್ಟಿತು, ಕಂಪ್ಯೂಟರು ಆ ಸದ್ದನ್ನು ಎಳೆದೂ ಎಳೆದೂ, ದೂರದಲ್ಲಿ ಯಾರೋ ಯಾರನ್ನೋ ಕರೆಯುತ್ತಿರುವ ಹಾಗೆ ಮಾಡಿತು. ಚಮಚಗಳು ಬಿದ್ದು ಮಳೆಯಾದವು. ಗೋಡೆಯಾಚೆಯಿಂದ ಕೇಳಿ ಬೈದುಕೊಂಡಿದ್ದ ಸದ್ದುಗಳೆಲ್ಲ ಇಲ್ಲಿ ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಅದು ನಮ್ಮ ಮನೆಯೇ ಎಂದು ನನಗೆ ತಡವಾಗಿ ಹೊಳೆಯಿತು. (ಮಧ್ಯೆ ಕೋಟು ಇಡಲು ಮಲಗುವ ಕೋಣೆಗೆ ಹೋಗಿದ್ದ ಗೆಳೆಯರೊಬ್ಬರು ಹಿಡಿಯಿಲ್ಲದ ಬಾಗಿಲೊಳಗೆ ಸಿಕ್ಕಿಕೊಂಡು ದಬದಬ ಬಡಿದರು. ಎಲ್ಲರೂ ಅದನ್ನೂ ಭಕ್ತಿಯಿಂದ ಆಲಿಸಿದರು.)

ಕೊನೆ ಬಂತು. ಹೆಂಡತಿಯ ಎಡಗೈ ಮೇಲೆದ್ದಿತು. ಆ ತಂತಿಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವರು ನಾವಿಬ್ಬರೇ. ನಾನು ಕುರ್ಚಿಯನ್ನು ಇನ್ನಷ್ಟು ಬಿಗಿಹಿಡಿದೆ. ಅವಳು ಒತ್ತಿದಳು.

ಎರಡೂ ಸ್ಪೀಕರುಗಳಿಂದ, ಕೋಣೆಯಷ್ಟು ದೊಡ್ಡದಾಗಿ, ‘ಗುರ್ರ್ರ್... ಊಂ... ಟಣ್’ ಎಂದಿತು. ಅದು ನನ್ನ ಗಂಟಲು. ಮೂಲೆಯಿಂದ ಮೂಲೆಗೆ ಅದು ಅಲೆದಾಡಿತು, ಸಣ್ಣದಾಯಿತು, ಎಲ್ಲ ಅಡಗಿದ ಮೇಲೆ ಸ್ಪಷ್ಟವಾಗಿ ಒಂದು ಮಾತು ಕೇಳಿತು: “ಅದಲ್ಲ. ಇನ್ನೂ ಸ್ವಲ್ಪ ಮುದಿ ಫ್ರಿಜ್ಜು.”

ನಿರ್ದೇಶಕಿ ತಲೆ ತಿರುಗಿಸಿ ಪಿಸುಗುಟ್ಟಿದರು. “ಯಾರದು ಈ ಧ್ವನಿ?”

“ಗೊತ್ತಿಲ್ಲ ಮೇಡಂ. ಯಾರೋ ಕಲಾವಿದರಿರಬೇಕು.”

ಆಗ ಅತ್ತೆಯವರು, ಕಿವಿ ಮಂದವಾದವರು ಮಾತಾಡುವ ಎತ್ತರದ ದನಿಯಲ್ಲಿ, ಇಡೀ ಸಭೆಗೆ ಕೇಳುವಂತೆ ಅಂದರು: “ಅಳಿಯಂದ್ರೇ, ಇದು ನೀವು ನಲ್ಲಿಯವರ ಹತ್ರ ಫೋನಲ್ಲಿ ಮಾಡೋ ಸದ್ದಲ್ವಾ?”

ನಾನು ಕುರ್ಚಿ ಬಿಟ್ಟುಬಿಟ್ಟೆ. ನಿರ್ದೇಶಕಿ ಎಡಕ್ಕೆ ವಾಲಿದರು.

“ಬಲಗಡೆ ಸ್ವಲ್ಪ ಭಾರ ಬಿಡಿ,” ಎಂದಳು ಹೆಂಡತಿ ಪಿಯಾನೊ ಮುಂದಿನಿಂದ. “ಸರಿಹೋಗತ್ತೆ.”

ನಿರ್ದೇಶಕಿ ಭಾರ ಸರಿಪಡಿಸಿಕೊಂಡು, ಆಮೇಲೆ ನಗತೊಡಗಿ, ಕಾಫಿ ಮುಗಿಯುವುದರೊಳಗೆ ಕೃತಿಯನ್ನು ಉತ್ಸವಕ್ಕೆ ಒಪ್ಪಿಕೊಂಡರು. ಹೆಂಡತಿ ಖಾಲಿ ಟ್ರೇಯನ್ನೇ ಎಲ್ಲರ ಮುಂದೆ ಇನ್ನೊಂದು ಸುತ್ತು ಹಿಡಿದಳು. ಕುರ್ಚಿಯ ಸ್ಕ್ರೂ ಪಿಯಾನೊದಲ್ಲೇ ಇರಲಿ ಎಂದು ಆ ಕ್ಷಣದಲ್ಲಿ ಮನಸ್ಸಿನಲ್ಲೇ ದಾನಪತ್ರ ಬರೆದುಕೊಟ್ಟೆ.

“ಒಂದೇ ಒಂದು ಮಾತು,” ಎಂದರು ನಿರ್ದೇಶಕಿ. “ಕೊನೆಯ ಆ ಧ್ವನಿ ಕಂಪ್ಯೂಟರಿನಿಂದ ಬೇಡ. ಇವರೇ ವೇದಿಕೆಗೆ ಬಂದು ಮಾಡಲಿ.”

ನಾನು ಬಾಯಿ ತೆರೆಯುವುದರೊಳಗೆ, “ಬರ್ತಾರೆ,” ಎಂದಳು ಹೆಂಡತಿ.

ರಿಪೇರಿಯವರು ಊರಿಂದ ಬಂದವರು ವಿಷಯ ತಿಳಿದು ಸ್ಪ್ರಿಂಗನ್ನು ವಾಪಸು ತಂದುಕೊಟ್ಟರು. ಹೆಂಡತಿ ಅದನ್ನು ಟಾರ್ಚಿಗೇ ಹಾಕಿದಳು, ಇನ್ನು ಬೇಕಿಲ್ಲವಂತೆ. ಈಗ ಪ್ರತಿ ಸಂಜೆ ಕಚೇರಿಯಿಂದ ಬಂದವನೇ ಪಿಯಾನೊ ಪಕ್ಕ ಮೈಕಿನ ಮುಂದೆ ನಿಲ್ಲಬೇಕು. “ಊಂ ಚೆನ್ನಾಗಿದೆ ರೀ, ಟಣ್ ಇನ್ನೂ ಸ್ವಲ್ಪ ಮುದಿಯಾಗ್ಬೇಕು,” ಎನ್ನುತ್ತಾಳೆ.

ನಿನ್ನೆ ಸಂಜೆಯೂ ನಿಂತೆ. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕಲಾವಿದನಿಗೆ ತಕ್ಕ ಏಕಾಗ್ರತೆಯಿಂದ ‘ಗುರ್’ ಎಂದಿದ್ದೆನಷ್ಟೆ. ಹಿಂದಿನಿಂದ ‘ಟಪ್’ ಎಂದು ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು.