ಇಪ್ಪತ್ತೊಂದನೆಯ ತಲೆ

ಒಳಗೆ ಹೋದವರು ಇಪ್ಪತ್ತು. ಹೊರಗೆ ಹೊರಟವರು ಇಪ್ಪತ್ತೊಂದು. ಸಚಿವಾಲಯ ನೋಡಲು ಬರುವವರಿಗೆಂದೇ ಇದ್ದ ಬಾಗಿಲಲ್ಲಿ ಮೀಸೆಯ ಕಾವಲುಗಾರ ಮೂರನೆಯ ಸಲ ಎಣಿಸಿ, ಸರಪಳಿಯನ್ನು ಮತ್ತೆ ಕೊಂಡಿಗೆ ಸಿಕ್ಕಿಸಿದ.

"ಒಬ್ರು ಜಾಸ್ತಿ ಇದ್ದಾರೆ, ಗೈಡೇ. ವರದಿ ಬರೀಬೇಕಾಗುತ್ತೆ."

ಗೈಡು ತಾನೂ ಒಮ್ಮೆ ಎಣಿಸಿದ. ಇಪ್ಪತ್ತೊಂದೇ. ಒಬ್ಬರು ಕಡಿಮೆಯಾಗಿದ್ದರೆ ಹುಡುಕಬಹುದಿತ್ತು. ಹೆಚ್ಚಾದವರನ್ನು ಎಲ್ಲಿ ಹುಡುಕುವುದು? ಆರು ವರ್ಷಗಳಿಂದ ಈ ಕಟ್ಟಡವನ್ನು ಜನರಿಗೆ ತೋರಿಸುತ್ತಿದ್ದರೂ ಅವನು ಇನ್ನೂ ಹಂಗಾಮಿ. ಅವನನ್ನು ಖಾಯಂ ಮಾಡುವ ಫೈಲು ಕೊನೆಗೂ ಮೂರನೆಯ ಮಹಡಿಯ ಸೂಪರಿಂಟೆಂಡೆಂಟರ ಮೇಜು ತಲುಪಿತ್ತು. ಇಂದು ಸಂಜೆ ಐದರೊಳಗೆ ಸಹಿ ಬೀಳದಿದ್ದರೆ ಪ್ರಸ್ತಾವವೇ ರದ್ದು. ತಿಂಗಳ ಹಿಂದೆ ವರ್ಗವಾಗಿ ಬಂದ ಆ ಸಾಹೇಬರ ಮುಖವನ್ನೇ ಅವನು ಕಂಡಿರಲಿಲ್ಲ. ಹೋದಾಗಲೆಲ್ಲ ಜವಾನ ಬಾಗಿಲಿನಿಂದಲೇ ಸಾಗಹಾಕುತ್ತಿದ್ದ. ಇಂಥ ದಿನ ಲೆಕ್ಕ ತಪ್ಪಿತೆಂಬ ವರದಿ ಮೇಲಕ್ಕೆ ಹೋದರೆ ಆರು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಗಂಟೆ ಆಗಲೇ ನಾಲ್ಕೂವರೆ.

ಸಾಲದ್ದಕ್ಕೆ, ಇಂದು ಕಟ್ಟಡ ನೋಡಲು ಬಂದವರೆಲ್ಲ ಅವನ ಅತ್ತಿಗೆ ಮತ್ತು ಅವಳ ನೆರೆಹೊರೆಯವರು.

"ಬೆಳಿಗ್ಗೆ ನಿನ್ನನ್ನೂ ಸೇರಿಸಿ ತಾನೇ ಇಪ್ಪತ್ತು?" ಎಂದಳು ಅತ್ತಿಗೆ.

"ಸೇರಿಸಿಯೇ, ಅತ್ತಿಗೆ."

"ಹಾಗಾದ್ರೆ ನಮ್ಮಲ್ಲಿ ಯಾರೋ ಒಬ್ರು ನಮ್ಮವರಲ್ಲ."

ಬಸ್ಸಿನಲ್ಲಿ ಪರ್ಸು ಕಳೆದಾಗ ನೋಡುವಂತೆ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಕಣ್ಣುಗಳೆಲ್ಲ ಬಟ್ಟೆಯ ಟೋಪಿ ತೊಟ್ಟ ಒಬ್ಬ ಸೌಮ್ಯ ಮನುಷ್ಯನ ಮೇಲೆ ನಿಂತವು.

"ಇವರು ನಿಮ್ಮ ಭಾವನವರಲ್ವಾ?" ಎಂದು ಅತ್ತಿಗೆ ಮೇಲಿನ ಮನೆಯವಳನ್ನು ಕೇಳಿದಳು.

"ಅಯ್ಯೋ, ನಿಮ್ಮ ಚಿಕ್ಕಪ್ಪ ಅಂದ್ಕೊಂಡು ಅರ್ಧ ಪೊಟ್ಟಣ ಬಿಸ್ಕತ್ತು ಕೊಟ್ಟೆನಲ್ಲ."

"ಮೆಟ್ಟಿಲಿಳಿಯುವಾಗ ನನ್ನ ಚೀಲ ಹೊತ್ಕೊಂಡ್ರು," ಎಂದಳು ಎದುರುಮನೆಯವಳು. "ನಮ್ಮ ಮನೆಯವರು ಮದುವೆಯಾದ ಮೇಲೆ ಒಂದು ಸಲವೂ ಹೊತ್ತಿಲ್ಲ." ಪಕ್ಕದಲ್ಲಿದ್ದ ಅವಳ ಗಂಡನಿಗೆ ಚಾವಣಿಯ ಕೆತ್ತನೆಯಲ್ಲಿ ಒಮ್ಮೆಲೇ ಆಸಕ್ತಿ ಹುಟ್ಟಿತು.

ಟೋಪಿಯವನು ಗೈಡನ್ನು ಮೆಲ್ಲನೆ ಕಂಬದ ಮರೆಗೆ ಕರೆದೊಯ್ದ.

"ನಾನು ಕಳ್ಳ ಅಲ್ಲ. ಕೆಲಸದ ಮೇಲೆ ಬಂದೋನು. ಹೊರಗೆ ಹೋಗೋ ದಾರಿ ಸಿಗದೆ ನಿಮ್ಮ ಹಿಂದೆ ಬಂದೆ."

ಆ ಕಟ್ಟಡದಲ್ಲಿ ಅದು ನಂಬಲಾರದ ಮಾತಲ್ಲ. ಗೈಡೇ ಮೊದಲ ವರ್ಷ ದಾರಿ ತಪ್ಪಿ, ಹಳೆಯ ಕಡತಗಳ ಕೋಣೆಯಲ್ಲಿ ಎರಡು ದಿನ ಬುತ್ತಿ ಬಿಚ್ಚಿದ್ದ.

"ಬಾಗಿಲಲ್ಲಿ ಹೆಸರು ಬರ್ಕೊಳ್ತಾರಾ?" ಎಂದು ಟೋಪಿಯವನು ಕೇಳಿದ.

"ಇಲ್ಲ, ತಲೆ ಎಣಿಸ್ತಾರೆ ಅಷ್ಟೆ."

"ಹಾಗಾದ್ರೆ ನೀವು ಒಳಗೆ ಉಳೀರಿ. ನಾನು ಹೋಗ್ತೀನಿ. ಲೆಕ್ಕ ಸರಿಹೋಯ್ತಲ್ಲ."

ಆರು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಮಾತನ್ನು ಗೈಡು ಈ ಕಟ್ಟಡದಲ್ಲಿ ಕೇಳಿರಲಿಲ್ಲ. ಹೇಗೂ ಸಹಿ ಬಿತ್ತೇ ಎಂದು ನೋಡಲು ಮೇಲೆ ಹೋಗಬೇಕಿತ್ತು.

ಕಾವಲುಗಾರ ತಕರಾರೆತ್ತಲಿಲ್ಲ. "ಯಾರು ಅನ್ನೋದು ನಂಗೆ ಬೇಡ. ಎಷ್ಟು ಅನ್ನೋದು ಹೇಳಿ," ಎಂದು ಇಪ್ಪತ್ತು ತಲೆ ಎಣಿಸಿ ಸರಪಳಿ ಬಿಚ್ಚಿದ.

"ಪಾಪದ ಮನುಷ್ಯ. ಬಸ್ ಸ್ಟಾಪಿನವರೆಗೆ ನಾವೇ ಬಿಡ್ತೀವಿ," ಎಂದು ಅತ್ತಿಗೆ ಟೋಪಿಯವನನ್ನು ಕರೆದುಕೊಂಡೇ ಹೋದಳು.

ಗೈಡು ಮೂರು ಮಹಡಿಗಳನ್ನು ಒಂದೇ ಉಸಿರಿಗೆ ಹತ್ತಿದ. ಸೂಪರಿಂಟೆಂಡೆಂಟರ ಕುರ್ಚಿ ಖಾಲಿ. ಮೇಲೆ ಫ್ಯಾನು ಮಾತ್ರ ಕರ್ತವ್ಯನಿರತವಾಗಿ ತಿರುಗುತ್ತಿತ್ತು. ಜವಾನ ನಗುತ್ತ ಫೋನನ್ನು ಕೆಳಗಿಟ್ಟ.

"ಸಾಹೇಬ್ರೆಲ್ಲಿ?"

"ಮೆಲ್ಲಗೆ ಮಾತಾಡಿ. ಬೇಗ ಮನೆಗೆ ಹೋಗೋರನ್ನ ಹಿಡಿಯೋಕೆ ಇವತ್ತಿಂದ ಸಿಬ್ಬಂದಿ ಗೇಟಲ್ಲಿ ನಿರ್ದೇಶಕರೇ ಕೂತಿದ್ದಾರೆ. ನಮ್ಮ ಸಾಹೇಬ್ರು ಟೋಪಿ ಹಾಕ್ಕೊಂಡು ಕಟ್ಟಡ ನೋಡೋಕೆ ಬಂದೋರ ಜೊತೆ ಹೋಗ್ಬಿಟ್ರು. ಈಗ ಬಸ್ ಸ್ಟಾಪಿಂದ ಫೋನ್ ಮಾಡಿದ್ರು."

ಗೈಡು ಮೇಜಿನ ಮೇಲಿನ ಫೈಲುಗಳತ್ತ ನೋಡಿದ. "ನನ್ನ ಫೈಲು?"

"ಅದನ್ನೇ ಹೇಳ್ತಿದ್ರು. ಅದರಲ್ಲಿರೋ ಫೋಟೋ ನಿಮ್ದೇ ಅಂತ ಬಾಗಿಲ ಹತ್ರ ಗುರುತು ಸಿಕ್ತಂತೆ. ಬಾಯ್ತುಂಬ ಹೊಗಳಿದ್ರು. ಆಮೇಲೆ, ಸಹಿ ಇಲ್ಲದೆ ವಾಪಸ್ ಕಳಿಸು ಅಂದ್ರು."

"ಯಾಕೆ?"

"ಖಾಯಂ ಆದೋರನ್ನ ಬೇರೆ ವಿಭಾಗಕ್ಕೆ ಹಾಕ್ತಾರಲ್ಲ, ಈ ಗೈಡು ಆ ಬಾಗಿಲಲ್ಲಿ ಇಲ್ಲದಿದ್ರೆ ನಾಳೆಯಿಂದ ನಾನು ಹೇಗಯ್ಯಾ ಹೊರಗೆ ಹೋಗೋದು ಅಂದ್ರು."