ಎಂಟನೇ ತರಗತಿಗೆ ಸೇರಿದ ಅಪ್ಪನ ಅಮಾನತು

ಇಂದ,
ಭೀಮೇಶ್ ಎಸ್.,
ಪ್ರಥಮ ದರ್ಜೆ ಸಹಾಯಕ (ಕಚೇರಿಯಲ್ಲಿ),
ಅಮಾನತಿನಲ್ಲಿರುವ ತಂದೆ (ಮನೆಯಲ್ಲಿ),
ಕತ್ರಿಗುಪ್ಪೆ, ಬೆಂಗಳೂರು.

ಗೆ,
ಕುಮಾರಿ ಮೈತ್ರಿ ಬಿ.,
ಎಂಟನೇ ತರಗತಿ, ‘ಬಿ’ ವಿಭಾಗ,
ಮೇಲಿನ ವಿಳಾಸವೇ.

ವಿಷಯ: ಅರ್ಜಿದಾರನನ್ನು ತಂದೆಯ ಕೆಲಸಕ್ಕೆ ಷರತ್ತುಗಳ ಮೇಲೆ ಮರಳಿ ಸೇರಿಸಿಕೊಳ್ಳುವ ಕುರಿತು.

ಉಲ್ಲೇಖ: 1. ತಾವು ಶಾಲೆಯಿಂದ ಬಂದು ಷೂ ಬಿಚ್ಚುತ್ತ ನೀಡಿದ ಮೌಖಿಕ ಆದೇಶ.
2. ತಮ್ಮ ತಾಯಿ ಶ್ರೀಮತಿ ಹಂಸಾ ಅವರ ಶಿಫಾರಸು: “ನನ್ನ ಮಧ್ಯಕ್ಕೆ ಎಳೀಬೇಡಿ. ನೀವುಂಟು, ನಿಮ್ಮ ಮಗಳುಂಟು.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಭೀಮೇಶನೆಂಬ ಅರ್ಜಿದಾರನು ತನ್ನ ನಡತೆಯ ವಿವರಗಳನ್ನು ತಮ್ಮ ಮುಂದೆ ಇಡುತ್ತಿದ್ದಾನೆ. ತಮಗೆ ಹದಿಮೂರು ವರ್ಷ, ಅರ್ಜಿದಾರನಿಗೆ ನಲವತ್ತು ದಾಟಿದೆ. ಆದರೂ ಸದರಿ ಪ್ರಕರಣದಲ್ಲಿ ದೊಡ್ಡವರ ಹಾಗೆ ನಡೆದುಕೊಂಡವರು ಯಾರು, ಚಿಕ್ಕ ಮಗುವಿನ ಹಾಗೆ ಆಡಿದವರು ಯಾರು ಎಂಬುದರಲ್ಲಿ ತಮಗಾಗಲಿ ನೆರೆಹೊರೆಯವರಿಗಾಗಲಿ ಯಾವ ಗೊಂದಲವೂ ಇರಲಾರದು.

1. ತಾವು ಏಳನೆಯ ತರಗತಿಯವರೆಗೆ ಓದಿದ್ದು ಮನೆಯಿಂದ ಕೂಗಳತೆಯಲ್ಲಿದ್ದ ಕನ್ನಡ ಶಾಲೆಯಲ್ಲಿ. ಅಲ್ಲಿ ಹಾಡುವ ನಾಡಗೀತೆ ನಮ್ಮ ಮಹಡಿಗೆ ಕೇಳುತ್ತಿತ್ತು. ಅರ್ಜಿದಾರ ಷರ್ಟಿನ ಗುಂಡಿ ಹಾಕಿಕೊಳ್ಳುತ್ತ ಅದನ್ನು ಕೇಳಿ, ಮಗಳು ಶಾಲೆಯಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಕಚೇರಿಗೆ ಹೊರಡುತ್ತಿದ್ದ. ಈ ಜೂನಿನಲ್ಲಿ ತಾವು ಜಯನಗರದ ಹೈಸ್ಕೂಲು ಸೇರಿದಿರಿ. ಇಂಗ್ಲಿಷ್ ಮೀಡಿಯಂ, ಸಿಟಿ ಬಸ್ಸಿನ ಪ್ರಯಾಣ, ಗುರುತಿನ ಮುಖ ಒಂದೂ ಇಲ್ಲ. ಶಾಲೆ ಶುರುವಾಗುವ ಹಿಂದಿನ ಸಂಜೆ ತಾವು ಸ್ಪಷ್ಟವಾಗಿಯೇ ಹೇಳಿದ್ದಿರಿ: “ಅಪ್ಪ, ನಾನೊಬ್ಳೇ ಹೋಗ್ತೀನಿ. ನೀನು ಬರ್ಬೇಡ.”

ಅರ್ಜಿದಾರ “ಸರಿ ಕಣಮ್ಮ” ಎಂದ. ಕಚೇರಿಯಲ್ಲಿ ‘ಸರಿ’ ಎಂದರೆ ಕಡತ ಬಂದು ತಲುಪಿದೆ ಎಂದಷ್ಟೇ ಅರ್ಥ, ಅದರಂತೆ ನಡೆಯುತ್ತೇವೆ ಎಂದಲ್ಲ. ಈ ಅಭ್ಯಾಸ ಮನೆಗೂ ಹತ್ತಿಕೊಂಡಿದ್ದು ವಿಷಾದನೀಯ.

2. ಅದರಂತೆ, ಅಥವಾ ಅದಕ್ಕೆ ವಿರುದ್ಧವಾಗಿ, ಅರ್ಜಿದಾರ ಗಳಿಕೆ ರಜೆ ಹಾಕಿ, ಹೆಲ್ಮೆಟ್ ಏರಿಸಿ, ತಮ್ಮ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಹೊರಟ. ಬಸ್ಸು ನಿಂತರೆ ನಿಂತ, ಬಸ್ಸು ಹೊರಟರೆ ಹೊರಟ. ಕಿಟಕಿಯಿಂದ ಯಾರಾದರೂ ಇಣುಕಿದರೆ ಪಕ್ಕದ ಆಟೊದ ಮರೆಗೆ ಸರಿದ. ಯಾರಿಗೂ ತಿಳಿಯದಂತೆ ಹಿಂಬಾಲಿಸುತ್ತಿದ್ದೇನೆ ಎಂದು ಅವನ ನಂಬಿಕೆ. ವಾಸ್ತವದಲ್ಲಿ ಡ್ರೈವರಿಗೆ, ಕಂಡಕ್ಟರಿಗೆ, ಹಿಂದಿನ ಸೀಟಿನಲ್ಲಿ ಕೂತ ಹೈಸ್ಕೂಲು ಹುಡುಗಿಯರೆಲ್ಲರಿಗೆ ಎರಡನೆಯ ದಿನವೇ ತಿಳಿದಿತ್ತು. ತಿಳಿಯದೆ ಇದ್ದದ್ದು ಅದು ಯಾರೆಂಬುದು ಮಾತ್ರ.

ಮೊದಲ ವಾರ ಮುಗಿಯುವ ಮುಂಚೆಯೇ, ನಾಲ್ಕನೇ ಬ್ಲಾಕಿನ ಹತ್ತಿರ, ಬಸ್ಸು ಸ್ಟಾಪಿಗಿಂತ ಹಿಂದೆಯೇ ನಿಂತಿತು. ಕಂಡಕ್ಟರ್ ಕೆಳಗಿಳಿದು ನೇರವಾಗಿ ಸ್ಕೂಟರಿನ ಮುಂದೆ ಬಂದು ನಿಂತರು.

“ಏನ್ ಸಾರ್, ದಿನಾ ನೋಡ್ತಿದೀನಿ, ಹೆಣ್ಮಕ್ಳಿರೋ ಬಸ್ ಹಿಂದೇನೇ ಬರ್ತೀರಲ್ಲ, ಏನ್ ವಿಷಯ? ಹೆಲ್ಮೆಟ್ ತೆಗೀರಿ ಮೊದ್ಲು.”

ಅರ್ಜಿದಾರ ಹೆಲ್ಮೆಟ್ ತೆಗೆದ. ತಲೆಯಲ್ಲಿ ಕೂದಲು ಕಡಿಮೆಯಿದ್ದದ್ದು ಪರಿಸ್ಥಿತಿಯನ್ನು ಇನ್ನಷ್ಟು ಹದಗೆಡಿಸಿತು. ಫುಟ್‌ಪಾತಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬರು, “ಥೂ, ಈ ವಯಸ್ಸಲ್ಲಿ!” ಎಂದರು. ಜನ ಸೇರಿದರು. ಒಬ್ಬರು ಫೋನನ್ನು ಮೇಲೆತ್ತಿದರು.

“ನನ್ನ ಮಗಳು ಒಳಗಿದಾಳೆ ಸಾರ್” ಎಂದ ಅರ್ಜಿದಾರ.

“ಎಲ್ರೂ ಹಂಗೇ ಹೇಳ್ತಾರೆ. ಯಾವ್ ಮಗಳು? ತೋರ್ಸಿ.”

ಅರ್ಜಿದಾರ ಕಿಟಕಿಯತ್ತ ಕೈ ತೋರಿಸಿದ. ಇಡೀ ಬಸ್ಸು ತಮ್ಮ ಕಡೆ ತಿರುಗಿತು. ತಾವು ಅರ್ಜಿದಾರನನ್ನು ನೋಡಿದಿರಿ. ಆ ಗಳಿಗೆಯಲ್ಲಿ ತಾವು “ಇಲ್ಲ, ಗೊತ್ತಿಲ್ಲ” ಎಂದಿದ್ದರೆ ಅರ್ಜಿದಾರ ನೇರವಾಗಿ ಪೊಲೀಸ್ ಠಾಣೆಗೆ ಹೋಗುತ್ತಿದ್ದ, ತಾವು ನಿಶ್ಚಿಂತೆಯಿಂದ ಶಾಲೆಗೆ ಹೋಗುತ್ತಿದ್ದಿರಿ. ಹಾಗೆ ಹೇಳಲು ತಮಗೆ ಎಲ್ಲ ಕಾರಣವೂ ಇತ್ತು. ತಾವು ತಲೆ ಬಗ್ಗಿಸಿ, “ಹೌದು, ನಮ್ಮಪ್ಪನೇ” ಎಂದಿರಿ.

ಕಂಡಕ್ಟರ್ ಮುಖ ಸಡಿಲವಾಯಿತು. “ಮೊದ್ಲೇ ಹೇಳ್ಬಾರ್ದಾ ಸಾರ್? ಮಗಳಿಗೆ ಫ್ರೀ, ನಿಮ್ಗೊಂದು ಟಿಕೆಟ್ ಕೊಡ್ತೀನಿ, ಒಳಗೇ ಬಂದು ಕೂತ್ಕೊಳ್ಳಿ. ಪೆಟ್ರೋಲಾದ್ರೂ ಉಳಿಯತ್ತೆ.”

ಬಸ್ಸು ಗೊಳ್ಳೆಂದಿತು. ಮಾರನೆಯ ದಿನದಿಂದ ತಮ್ಮನ್ನು ಶಾಲೆಯಲ್ಲಿ ‘ವಿಐಪಿ’ ಎಂದು ಕರೆಯತೊಡಗಿದರೆಂದು ಆಮೇಲೆ ತಿಳಿದುಬಂತು.

3. ಇಷ್ಟಾದ ಮೇಲೆ ಯಾವ ತಂದೆಯಾದರೂ ಸುಮ್ಮನಿರುತ್ತಿದ್ದ. ಅರ್ಜಿದಾರ ಹಿಂಬಾಲಿಸುವುದನ್ನು ಬಿಟ್ಟು ವಾಟ್ಸ್ಆ್ಯಪ್ ಹಿಡಿದ. ಪೋಷಕರ ಗುಂಪಿನಲ್ಲಿ ತಮ್ಮ ಕ್ಲಾಸ್ ಟೀಚರ್ ಸರಸ್ವತಿ ಮೇಡಂ, “ನಾಳೆ ಗ್ರಾಫ್ ಪುಸ್ತಕ ತನ್ನಿ” ಎಂದು ಒಂದು ಸಾಲು ಹಾಕಿದರೆ, ಅರ್ಜಿದಾರ ಪುಸ್ತಕದ ಅಳತೆ, ಚೌಕಗಳ ಗಾತ್ರ, ಹೊದಿಕೆಯ ಬಣ್ಣ ಮತ್ತು ಪುಸ್ತಕ ಸಿಗದಿದ್ದಲ್ಲಿ ಮಾಡಬೇಕಾದ ಪರ್ಯಾಯ ವ್ಯವಸ್ಥೆಯ ಬಗ್ಗೆ ಸ್ಪಷ್ಟನೆ ಕೋರಿದ. ಬನಶಂಕರಿಯ ಸೋಮನಾಥ್ ಎಂಬ ಪೋಷಕರು, “ಸಾರ್, ಎಂಟನೇ ಕ್ಲಾಸ್ ಓದ್ತಿರೋದು ನೀವಾ, ನಿಮ್ಮ ಮಗಳಾ?” ಎಂದು ಕೇಳಿದರು. ಈ ಪ್ರಶ್ನೆಯನ್ನು ಅರ್ಜಿದಾರ ಪರಿಶೀಲನೆಗೆ ಕಾಯ್ದಿರಿಸಿಕೊಂಡ.

4. ಈಗ ಬರೆಯಬೇಕಾದ ಸಂಗತಿಯನ್ನು ಬರೆಯಲು ಅರ್ಜಿದಾರನ ಕೈ ಏಳುತ್ತಿಲ್ಲ.

ಶಾಲೆಯಲ್ಲಿ ಮಧ್ಯಾಹ್ನ ತಾವು ಒಬ್ಬರೇ ಕೂತು ಊಟ ಮಾಡುತ್ತಿದ್ದಿರಿ. ಅದನ್ನು ತಾವು ಹೇಳಿದ್ದು ಅಜ್ಜಿಗೆ ಮಾತ್ರ, ಬೆಳ್ಳುಳ್ಳಿ ಸುಲಿಯುತ್ತ, ಮೆಲ್ಲಗೆ. ಅರ್ಜಿದಾರ ಅಡುಗೆಮನೆಯ ಆಚೆ ನಿಂತು ಕೇಳಿಸಿಕೊಂಡ. ಕೇಳಿಸಿಕೊಂಡವನು ಕೇಳಿಸದಂತೆ ಇರಬೇಕಿತ್ತು. ಅದರ ಬದಲು ಮರುದಿನ ಬೆಳಗ್ಗೆ ಕಚೇರಿಗೆ ತಡವಾಗಿ ಬರುವುದಾಗಿ ತಿಳಿಸಿ, ಶಾಲೆಗೆ ಹೋಗಿ, ಕಾರಿಡಾರಿನಲ್ಲಿ ಸರಸ್ವತಿ ಮೇಡಂ ಅವರನ್ನು ತಡೆದು, “ಮೇಡಂ, ಮಗು ಒಂಟಿಯಾಗಿದೆ, ಏನಾದ್ರೂ ವ್ಯವಸ್ಥೆ ಮಾಡಿ” ಎಂದು ಬೇಡಿಕೊಂಡ. ಆಕೆ ಒಳ್ಳೆಯವರು, ಅದೇ ತೊಂದರೆಯಾಯಿತು. ಊಟದ ಬೆಲ್ಲಿಗೆ ಮುಂಚೆ ಇಡೀ ತರಗತಿಯ ಎದುರು, “ಯಾರಾದ್ರೂ ಮೈತ್ರಿ ಜೊತೆ ಕೂತು ಊಟ ಮಾಡ್ರಮ್ಮಾ, ಪಾಪ, ಅವರ ತಂದೆ ಬಂದು ಹೇಳಿ ಹೋದ್ರು” ಎಂದರಂತೆ.

ಅಂದು ತಾವು ಊಟವನ್ನೇ ಮಾಡಲಿಲ್ಲ. ಸಂಜೆ ಮನೆಗೆ ಬಂದು, ಷೂ ಬಿಚ್ಚುತ್ತ, ತಲೆ ಎತ್ತದೆ ಆದೇಶ ಹೊರಡಿಸಿದಿರಿ: “ಇನ್ಮೇಲೆ ನನ್ ಸ್ಕೂಲ್ ವಿಷಯಕ್ಕೆ ನೀವು ಬರ್ಬೇಡಿ. ಏನಾದ್ರೂ ಇದ್ರೆ ಬರೆದು ಕೊಡಿ.”

ಹುಟ್ಟಿದಾಗಿನಿಂದ ‘ನೀನು’ ಎನ್ನುತ್ತಿದ್ದವರು ‘ನೀವು’ ಎಂದಿರಿ. ಗೌರವಸೂಚಕ ಬಹುವಚನವನ್ನು ಕಚೇರಿಯಲ್ಲಿ ದಿನವಿಡೀ ಬಳಸುವ ಅರ್ಜಿದಾರನಿಗೆ, ಅದು ಇಷ್ಟು ನೋಯಿಸಬಲ್ಲದೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ.

5. ಅಮಾನತಿನ ಅವಧಿಯಲ್ಲಿ ಅರ್ಜಿದಾರ ಸೋಫಾದ ಒಂದು ತುದಿಯಲ್ಲಿ ಕೂತು ಟಿವಿಯಲ್ಲಿ ಬಂದದ್ದನ್ನೆಲ್ಲ ನೋಡಿದ. ತಮ್ಮ ತಾಯಿ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದು, ಅವನ ಮುಖ ನೋಡಿ ಹೇಳಿದರು: “ನಿಮ್ಗೊಬ್ರಿಗೇ ಭಯ ಅನ್ಕೊಂಡಿದೀರಾ? ಬಸ್ ಐದ್ ನಿಮಿಷ ಲೇಟಾದ್ರೆ ನಾನೂ ಹತ್ತು ಸಲ ಗಡಿಯಾರ ನೋಡ್ತೀನಿ. ಆದ್ರೆ ನಾನು ಬಾಯ್ಮುಚ್ಕೊಂಡು ಚಿತ್ರಾನ್ನ ಕಲಸ್ತೀನಿ, ನೀವು ಊರನ್ನೇ ಕಲಸ್ತೀರ.”

ತಮ್ಮ ಅಜ್ಜಿ ಮಾರಮ್ಮನವರು ಬೇರೆಯದನ್ನೇ ಹೇಳಿದರು. ಅರ್ಜಿದಾರನ ತಂದೆ, ತಮ್ಮ ತಾತ ಸಂಜೀವಯ್ಯನವರು, ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗುತ್ತಿದ್ದವರು. ಮಗನ ಶಾಲೆಯ ಗೇಟು ಯಾವ ಕಡೆಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, “ನೀನೀಗ ಎಷ್ಟನೇ ಕ್ಲಾಸೋ?” ಎಂದು ಕೇಳಿದ್ದರು. “ಅವತ್ತು ನೀನು ಮೂಲೇಲಿ ಕೂತು ಅತ್ತಿದ್ದೆ” ಎಂದರು ಅಜ್ಜಿ. “ಅವರು ನಡೀದೇ ಇದ್ದ ದಾರೀನೆಲ್ಲ ನೀನೇ ನಡೆದು ಮುಗಿಸ್ಬೇಕು ಅಂತ ಹೊರಟಿದೀಯ. ಆ ಹುಡುಗಿಗೆ ಕಾಲಿಡೋಕೂ ಜಾಗ ಬಿಟ್ಟಿಲ್ಲ ಕಣೋ.”

ಅರ್ಜಿದಾರ ಎದ್ದು ಹೋಗಿ ಮುಖ ತೊಳೆದುಕೊಂಡ. ಸೆಖೆಯ ಕಾರಣ ಎಂದು ಷರಾ ಬರೆಯಬಹುದು.

6. ಇದಾದ ನಂತರದ ಭಾನುವಾರ, ತಾಯಿ ಕೆಲಸಕ್ಕೆ ಹೋಗಿದ್ದಾಗ, ತಾವು ಗಣಿತದ ಪುಸ್ತಕ ಹಿಡಿದು ಹಾಲಿಗೆ ಬಂದಿರಿ. ಮೊದಲ ಟೆಸ್ಟಿನಲ್ಲಿ ತಮಗೆ ಒಂದು ಲೆಕ್ಕವೂ ತಲೆಗೆ ಹತ್ತಿರಲಿಲ್ಲವೆಂದು, ಕನ್ನಡ ಶಾಲೆಗೇ ವಾಪಸ್ ಹಾಕಿಬಿಡಿ ಎಂದು ತಾವು ತಾಯಿಯ ಬಳಿ ಅತ್ತಿದ್ದಿರೆಂದು ಅರ್ಜಿದಾರನಿಗೆ ಗೊತ್ತಿತ್ತು. ಆದರೆ ಅಮಾನತಿನಲ್ಲಿದ್ದುದರಿಂದ ಗೊತ್ತಿಲ್ಲದವನಂತೆ ಕೂತಿದ್ದ. ತಾವು ಅಜ್ಜಿಯನ್ನು ನೋಡಿದಿರಿ. ಅರ್ಜಿದಾರನೂ ಅಜ್ಜಿಯನ್ನು ನೋಡಿದ.

“ನನ್ನೇನ್ ನೋಡ್ತೀರ? ಅವನನ್ನ ಕೇಳೇ. ಲೇ, ಹೇಳೋ, ಬಾಯಿಗೇನಾಗಿದೆ?” ಎಂದರು ಅಜ್ಜಿ.

ತಾವು ಪುಸ್ತಕವನ್ನು ಅರ್ಜಿದಾರನ ಮುಂದೆ ತಳ್ಳಿದಿರಿ. “ಈ ರ್ಯಾಷನಲ್ ನಂಬರ್ ಅಂದ್ರೇನು?”

ಅರ್ಜಿದಾರನಿಗೆ ಗೊತ್ತಿರಲಿಲ್ಲ. ಅವನು ಓದಿದ್ದೂ ಕನ್ನಡದಲ್ಲೇ. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ ಕನ್ನಡಕ ಒರೆಸಿದ, ಪುಟ ತಿರುವಿದ, ಕೆಮ್ಮಿದ. ಕೊನೆಗೆ, “ನಂಗೂ ಗೊತ್ತಿಲ್ಲ ಕಣಮ್ಮ, ನೋಡೋಣ ಬಾ” ಎಂದ. ತಾವು ಪಕ್ಕದಲ್ಲಿ ಕೂತಿರಿ. ಇಬ್ಬರೂ ಅಕ್ಷರ ಕೂಡಿಸುವವರಂತೆ ಓದಿದೆವು: ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ, ಕೆಳಗಿನದು ಸೊನ್ನೆಯಾಗಿರಬಾರದು.

“ಅಯ್ಯೋ, ಇದು ಭಾಗಲಬ್ಧ ಸಂಖ್ಯೆ ಅಲ್ವಾ?” ಎಂದಿರಿ ತಾವು. “ಅಪ್ಪ, ಇದನ್ನ ನಾನು ಹೋದ ವರ್ಷಾನೇ ಮಾಡಿದೀನಿ! ನಂಗ್ ಬರತ್ತೆ ಇದು!”

ತಮ್ಮ ಮುಖ ಅರಳಿದ್ದನ್ನು ಅರ್ಜಿದಾರ ಹತ್ತಿರದಿಂದ ಕಂಡ. ತಾವು ದಡ್ಡರಾಗಿರಲಿಲ್ಲ, ಲೆಕ್ಕಗಳು ಹೆಸರು ಬದಲಿಸಿಕೊಂಡಿದ್ದವು, ಅಷ್ಟೆ. ಅಂದು ತಾವು ಒಂದಾದ ಮೇಲೊಂದು ಲೆಕ್ಕ ಬಿಡಿಸುತ್ತ ಹೋದಿರಿ. ಅರ್ಜಿದಾರ ಹಳೆಯ ಚಾಳಿಯಂತೆ, “ಎಲ್ಲ ಪದಕ್ಕೂ ಕನ್ನಡ ಬರೆದು ಚಾರ್ಟ್ ಮಾಡಿ, ಲ್ಯಾಮಿನೇಟ್ ಮಾಡ್ಸಿ, ಸರಸ್ವತಿ ಮೇಡಂಗೂ ಒಂದು ಕಾಪಿ...” ಎಂದು ಶುರು ಮಾಡಿದ. ತಾವು ಪೆನ್ಸಿಲ್ ನಿಲ್ಲಿಸಿ ಅವನನ್ನು ನೋಡಿದಿರಿ, ಅಷ್ಟೆ. ಅವನು ಬಾಯಿ ಮುಚ್ಚಿದ. ತಂದೆಯಾದ ಮೇಲೆ ಅವನು ಶುರು ಮಾಡಿದ ವಾಕ್ಯವನ್ನು ಅರ್ಧಕ್ಕೇ ಬಿಟ್ಟದ್ದು ಅದೇ ಮೊದಲು.

7. ಕೊನೆಯದಾಗಿ, ನಿನ್ನೆಯ ಸಂಗತಿ. ತಮ್ಮ ಬ್ಯಾಗಿನಿಂದ ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ ಹೊರಬಂತು. ಮುಚ್ಚಳದ ಮೇಲೆ ‘ಸಮನ್ವಿತಾ’ ಎಂದು ಕೊರೆದಿದೆ. ಒಳಗೆ ಒಬ್ಬಟ್ಟಿನ ಚೂರು ಅಂಟಿತ್ತು, ಉಳಿದದ್ದನ್ನು ಯಾರೋ ಇಬ್ಬರು ಕೂತು ತಿಂದಿದ್ದಾರೆ. ಸದರಿ ಸಮನ್ವಿತಾ ಯಾರು, ಯಾವ ಬಡಾವಣೆ, ತಂದೆ ತಾಯಿ ಏನು ಮಾಡುತ್ತಾರೆ, ತಮ್ಮ ಪಕ್ಕಕ್ಕೆ ಬಂದು ಕೂತದ್ದು ತಾನಾಗಿಯೋ ಅಥವಾ ಟೀಚರ್ ಹೇಳಿದ್ದಕ್ಕೋ, ಈ ಪ್ರಶ್ನೆಗಳೆಲ್ಲ ಅರ್ಜಿದಾರನ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವನು ಒಂದನ್ನೂ ಕೇಳಲಿಲ್ಲ. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒರೆಸಿಟ್ಟ. ಒರೆಸಿದ ಮೇಲೂ ಒರೆಸುತ್ತಿದ್ದನೆಂದು ತಮ್ಮ ತಾಯಿಯವರ ಹೇಳಿಕೆಯಿದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಗಾಗಿ, ಅರ್ಜಿದಾರನನ್ನು ಈ ಕೆಳಗಿನ ಷರತ್ತುಗಳ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಬಹುದು: ಕೇಳಿದರೆ ಮಾತ್ರ ಹೇಳುವುದು, ಕರೆದರೆ ಮಾತ್ರ ಬರುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು. ಈ ಷರತ್ತುಗಳನ್ನು ಅವನು ಆಗಾಗ ಮುರಿಯುವ ಸಾಧ್ಯತೆಯಿದೆ. ಕಾರಣ, ಅವನೂ ಈ ಜೂನಿನಲ್ಲೇ ಎಂಟನೇ ತರಗತಿಗೆ ಸೇರಿದ್ದಾನೆ. ತಾವು ಮುಂದೆ ಹೋಗುತ್ತಿದ್ದೀರಿ, ಅವನು ಪಾಠದಲ್ಲಿ ಸ್ವಲ್ಪ ಹಿಂದಿದ್ದಾನೆ.

ತಮ್ಮ ವಿಶ್ವಾಸವನ್ನು ಮರಳಿ ಪಡೆಯುವ ಪ್ರಯತ್ನದಲ್ಲಿರುವ,
ಭೀಮೇಶ್ ಎಸ್.

ಅಡಕಗಳು:
1. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನು ಮುಂದೆ ತಮ್ಮ ತಾಯಿಯವರೇ ಇರುತ್ತಾರೆಂಬ ಒಪ್ಪಂದ, ಅಜ್ಜಿಯವರ ಸಾಕ್ಷಿ ಸಹಿಯೊಂದಿಗೆ.
2. ಸ್ಟೀಲ್ ಡಬ್ಬಿ ಒಂದು. ಬೇರೆಯವರ ಮನೆಯ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿ ಇಲ್ಲವಾದ್ದರಿಂದ ಕೋಡುಬಳೆ ತುಂಬಿದೆ. ಕೋಡುಬಳೆ ಸುತ್ತಿದ್ದು ಅಜ್ಜಿ, ಅರ್ಜಿದಾರನನ್ನು ಒಲೆಯ ಹತ್ತಿರ ಬಿಟ್ಟಿಲ್ಲ.

ವಿಶೇಷ ಸೂಚನೆ: ಅರ್ಜಿಯನ್ನು ತಮ್ಮ ಕೋಣೆಯ ಬಾಗಿಲಿನ ಕೆಳಗಿನಿಂದ ತೂರಿಸಲಾಗಿದೆ. ಅಡಕ ಎರಡು ಆ ಸಂದಿಯಲ್ಲಿ ತೂರುತ್ತಿಲ್ಲ. ಆದ್ದರಿಂದ, ಡಬ್ಬಿ ಒಳಗೆ ಹೋಗುವಷ್ಟು ಮಾತ್ರ, ಬಾಗಿಲು ತೆರೆಯಬೇಕಾಗಿ ಕೋರಿದೆ.